ದೀರ್ಘದೂರ ಟ್ರಯಥ್ಲಾನ್‌ನ ಓಟ: ಶ್ರಮದ ಹಂಚಿಕೆ ಮತ್ತು ಸೈಕ್ಲಿಂಗ್ ಕ್ಷಮತೆ

ದೀರ್ಘದೂರ ಟ್ರಯಥ್ಲಾನ್ ಎಂದರೆ ಈಜು, ಸೈಕ್ಲಿಂಗ್ ಮತ್ತು ಓಟಗಳನ್ನು ಇದೇ ಅನುಕ್ರಮದಲ್ಲಿ, ನಡುವೆ ಬಿಡುವಿಲ್ಲದೆ ಪೂರೈಸಬೇಕಾದ ಸಹಿಷ್ಣುತೆಯ ಕ್ರೀಡೆ. ಓಟವು ಇದರ ಕೊನೆಯ ಘಟ್ಟ. ಗಂಟೆಗಟ್ಟಲೆ ಸೈಕಲ್ ತುಳಿದ ಕಾಲುಗಳಿಂದಲೇ ಈ ಓಟವನ್ನು ಓಡಬೇಕಾಗುವುದರಿಂದ ಅದರ ಫಲಿತಾಂಶವು ಸ್ಪರ್ಧಿಯ ಓಟದ ವೇಗವೊಂದನ್ನೇ ಅವಲಂಬಿಸಿರುವುದಿಲ್ಲ. ಸೈಕ್ಲಿಂಗ್‌ನಲ್ಲಿ ಸ್ಪರ್ಧಿ ಗಳಿಸಿರುವ ದೈಹಿಕ ಕ್ಷಮತೆ ಎಷ್ಟು, ಆ ಕ್ಷಮತೆಯಲ್ಲಿ ಎಷ್ಟು ಪಾಲನ್ನು ಸ್ಪರ್ಧೆಯ ದಿನ ಸೈಕಲ್ಲಿನ ಮೇಲೆ ವ್ಯಯಿಸಲಾಯಿತು ಎಂಬ ಎರಡು ಸಂಗತಿಗಳು ಓಟವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ. ಮೊದಲನೆಯದನ್ನು ಸೈಕ್ಲಿಂಗ್ ಕ್ಷಮತೆ ಎಂದೂ ಎರಡನೆಯದನ್ನು ಶ್ರಮದ ಹಂಚಿಕೆ ಎಂದೂ ಈ ಲೇಖನದಲ್ಲಿ ಕರೆಯಲಾಗಿದೆ.

ಸ್ಪರ್ಧೆಯ ಸ್ವರೂಪ

ದೀರ್ಘದೂರ ಟ್ರಯಥ್ಲಾನ್‌ಗಳಲ್ಲಿ 'ಐರನ್‌ಮ್ಯಾನ್' ಹೆಸರಿನ ಸ್ಪರ್ಧೆಗಳು ಪ್ರಸಿದ್ಧವಾಗಿವೆ. ಪೂರ್ಣ ಐರನ್‌ಮ್ಯಾನ್‌ನಲ್ಲಿ ಸುಮಾರು 3.8 ಕಿ.ಮೀ. ಈಜು, 180 ಕಿ.ಮೀ. ಸೈಕ್ಲಿಂಗ್ ಮತ್ತು 42.2 ಕಿ.ಮೀ. ಓಟ ಇರುತ್ತವೆ. ಓಟದ ಈ ದೂರವು ಒಂದು ಪೂರ್ಣ ಮ್ಯಾರಥಾನ್‌ಗೆ ಸಮ. ಸಾಮಾನ್ಯವಾಗಿ ಇವೆಲ್ಲವನ್ನೂ 17 ಗಂಟೆಗಳೊಳಗೆ ಮುಗಿಸಬೇಕು. ಇದರ ಅರ್ಧ ದೂರದ ಸ್ಪರ್ಧೆಗೆ 'ಐರನ್‌ಮ್ಯಾನ್ 70.3' ಎಂಬ ಹೆಸರಿದೆ. ಮೂರು ವಿಭಾಗಗಳ ಒಟ್ಟು ದೂರ 70.3 ಮೈಲಿಗಳಾಗುವುದೇ ಈ ಹೆಸರಿಗೆ ಕಾರಣ. ಇದರಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕ್ಲಿಂಗ್ ಮತ್ತು 21.1 ಕಿ.ಮೀ. ಓಟ ಇರುತ್ತವೆ.

ಕಾಲಾವಧಿಯ ದೃಷ್ಟಿಯಿಂದ ಮೂರರಲ್ಲಿ ಸೈಕ್ಲಿಂಗ್ ಅತಿ ದೀರ್ಘವಾದುದು. ಹವ್ಯಾಸಿ ಸ್ಪರ್ಧಿಗಳು ಸಾಮಾನ್ಯವಾಗಿ ತಮ್ಮ ಒಟ್ಟು ಸಮಯದ ಅರ್ಧದಷ್ಟನ್ನು ಸೈಕಲ್ಲಿನ ಮೇಲೆ ಕಳೆಯುತ್ತಾರೆ. ಈ ಸ್ಪರ್ಧೆಗಳಲ್ಲಿ ಮುಂದಿನ ಸವಾರನ ಬೆನ್ನಿಗೆ ಅಂಟಿಕೊಂಡು, ಗಾಳಿಯ ತಡೆಯನ್ನು ತಪ್ಪಿಸಿಕೊಂಡು ಸಾಗುವುದು ನಿಷಿದ್ಧ. ಆದ್ದರಿಂದ ಪ್ರತಿಯೊಬ್ಬ ಸ್ಪರ್ಧಿಯೂ ಗಾಳಿಯನ್ನು ತಾನೇ ಎದುರಿಸಬೇಕಾಗುತ್ತದೆ.

ಇತಿಹಾಸದ ನಿದರ್ಶನಗಳು

ಮೊದಲ ಐರನ್‌ಮ್ಯಾನ್ ಸ್ಪರ್ಧೆ 1978ರ ಫೆಬ್ರವರಿ 18ರಂದು ಅಮೆರಿಕದ ಹವಾಯಿ ರಾಜ್ಯದ ಓಆಹು ದ್ವೀಪದಲ್ಲಿ ನಡೆಯಿತು. ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಕಾಲಿನ್ಸ್ ಇದರ ರೂವಾರಿಗಳು. ಸ್ಪರ್ಧೆಗಿಳಿದ 15 ಮಂದಿಯಲ್ಲಿ 12 ಮಂದಿ ಗುರಿ ಮುಟ್ಟಿದರು. ಸೈಕ್ಲಿಂಗ್ ಮುಗಿದಾಗ ಜಾನ್ ಡನ್ಬಾರ್ ಎಂಬವರು ಮುಂಚೂಣಿಯಲ್ಲಿದ್ದರು. ಆದರೆ ಓಟದ ವೇಳೆ ಅವರ ಸಹಾಯಕರ ಬಳಿ ನೀರು ಮುಗಿದು ಅವರಿಗೆ ಬಿಯರ್ ಕೊಡಲಾಯಿತು. ಓಟದಲ್ಲಿ ಅವರನ್ನು ಹಿಂದೆ ಹಾಕಿದ ಗಾರ್ಡನ್ ಹಾಲರ್ 11 ಗಂಟೆ 46 ನಿಮಿಷ 58 ಸೆಕೆಂಡುಗಳಲ್ಲಿ ಗುರಿ ತಲುಪಿ ಗೆದ್ದರು. ಸೈಕಲ್ಲಿನಿಂದ ಮೊದಲು ಇಳಿದವರೇ ಗೆಲ್ಲುವರೆಂಬ ನಿಯಮವಿಲ್ಲವೆಂಬುದು ಹೀಗೆ ಮೊದಲ ಸ್ಪರ್ಧೆಯಲ್ಲಿಯೇ ಕಂಡುಬಂದಿತು.

1982ರ ಫೆಬ್ರವರಿಯ ಸ್ಪರ್ಧೆಯಲ್ಲಿ ಮಹಿಳೆಯರ ವಿಭಾಗದಲ್ಲಿ ಮುಂದಿದ್ದ ಜೂಲಿ ಮಾಸ್ ಗುರಿಯ ಸಮೀಪದಲ್ಲಿಯೇ ಕುಸಿದುಬಿದ್ದರು. ಕ್ಯಾಥ್ಲೀನ್ ಮೆಕಾರ್ಟ್ನಿ ಅವರನ್ನು ದಾಟಿ ಗೆದ್ದರು. ಮಾಸ್ ತೆವಳುತ್ತಲೇ ಗುರಿ ಮುಟ್ಟಿದಾಗ ಇಬ್ಬರ ನಡುವಿನ ಅಂತರ 29 ಸೆಕೆಂಡುಗಳಷ್ಟೇ ಆಗಿತ್ತು. ದೂರದರ್ಶನದಲ್ಲಿ ಪ್ರಸಾರವಾದ ಈ ದೃಶ್ಯ ಕ್ರೀಡೆಗೆ ಜಗತ್ತಿನಾದ್ಯಂತ ಪ್ರಚಾರ ತಂದಿತು. ದೇಹದ ಶಕ್ತಿ ಸಂಪೂರ್ಣ ಬರಿದಾದರೆ ಏನಾಗುತ್ತದೆ ಎಂಬುದಕ್ಕೂ ಅದು ನಿದರ್ಶನವಾಯಿತು.

ಮಾರ್ಕ್ ಅಲೆನ್ ಅವರ ಉದಾಹರಣೆ ಈ ವಿಷಯದಲ್ಲಿ ಇನ್ನಷ್ಟು ಬೋಧಪ್ರದವಾಗಿದೆ. 1987ರಲ್ಲಿ ಅವರು ಓಟದಲ್ಲಿ ಮುಂದಿದ್ದರೂ ಕೊನೆಯ ಭಾಗದಲ್ಲಿ ಬಳಲಿ ಡೇವ್ ಸ್ಕಾಟ್ ಅವರಿಗೆ ಸೋತರು. 1989ರಲ್ಲಿ ಇಬ್ಬರೂ ಬಹುಪಾಲು ದೂರವನ್ನು ಅಕ್ಕಪಕ್ಕದಲ್ಲಿಯೇ ಕ್ರಮಿಸಿದರು. ಓಟದ ಕೊನೆಯ ಏರಿನಲ್ಲಿ ಅಲೆನ್ ಮುನ್ನುಗ್ಗಿ 8 ಗಂಟೆ 9 ನಿಮಿಷ 15 ಸೆಕೆಂಡುಗಳಲ್ಲಿ ಗೆದ್ದರು. ಸ್ಕಾಟ್ 58 ಸೆಕೆಂಡು ಹಿಂದಿದ್ದರು. ಅಂದು ಅಲೆನ್ 2 ಗಂಟೆ 40 ನಿಮಿಷ 4 ಸೆಕೆಂಡುಗಳಲ್ಲಿ ಓಡಿದ ಮ್ಯಾರಥಾನ್ ಆ ಸ್ಪರ್ಧೆಯ ದಾಖಲೆಯಾಗಿ 2016ರವರೆಗೂ ಉಳಿಯಿತು. ಹೃದಯ ಬಡಿತವನ್ನು ಮಿತಿಯೊಳಗಿಟ್ಟು ವರ್ಷಗಟ್ಟಲೆ ಮಾಡಿದ ತಾಳ್ಮೆಯ ಅಭ್ಯಾಸಕ್ಕೆ ಅಲೆನ್ ಹೆಸರಾಗಿದ್ದರು.

ಸೈಕ್ಲಿಂಗ್ ಓಟವನ್ನು ಬಾಧಿಸುವ ಬಗೆ

ಸ್ನಾಯುಗಳಿಗೆ ಮುಖ್ಯವಾಗಿ ಎರಡು ಇಂಧನಗಳಿವೆ: ಕೊಬ್ಬು ಮತ್ತು ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗಿರುವ ಶರ್ಕರ. ಕೊಬ್ಬಿನ ಸಂಗ್ರಹ ಅಪಾರ. ಆದರೆ ಗ್ಲೈಕೋಜನ್ ಸಂಗ್ರಹ ಸ್ನಾಯು ಮತ್ತು ಯಕೃತ್ತುಗಳಲ್ಲಿ ಸೇರಿ ಸುಮಾರು 500 ಗ್ರಾಂ ಮಾತ್ರ. ಇದರಿಂದ ದೊರೆಯುವುದು ಸುಮಾರು 2,000 ಕಿಲೋಕ್ಯಾಲೊರಿ. ಸರಾಸರಿ 150 ವ್ಯಾಟ್ ಸಾಮರ್ಥ್ಯದಲ್ಲಿ ಆರು ಗಂಟೆ ಸೈಕಲ್ ತುಳಿಯುವವರು ಸುಮಾರು 3,200 ಕಿಲೋಕ್ಯಾಲೊರಿ ವ್ಯಯಿಸುತ್ತಾರೆ. ಓಟವಿನ್ನೂ ಆರಂಭವಾಗುವ ಮೊದಲೇ ಆಗುವ ಖರ್ಚು ಇದು.

ಶ್ರಮ ಮಿತವಾಗಿದ್ದಾಗ ದೇಹ ಕೊಬ್ಬನ್ನು ಹೆಚ್ಚಾಗಿ ಬಳಸುತ್ತದೆ. ಶ್ರಮ ಏರಿದಂತೆ ಗ್ಲೈಕೋಜನ್ ಬಳಕೆಯ ಪಾಲು ವೇಗವಾಗಿ ಹೆಚ್ಚುತ್ತದೆ. ಸೈಕಲ್ಲಿನ ಮೇಲೆ ಅತಿಯಾಗಿ ಶ್ರಮಿಸಿದವರಿಗೆ ಆ ಹೊತ್ತಿನಲ್ಲಿ ಯಾವ ತೊಂದರೆಯೂ ಕಾಣಿಸದೆ ಇರಬಹುದು. ಅದರ ಲೆಕ್ಕ ಚುಕ್ತಾ ಆಗುವುದು ಓಟದ ದ್ವಿತೀಯಾರ್ಧದಲ್ಲಿ. ಗ್ಲೈಕೋಜನ್ ಬರಿದಾದಾಗ ಕಾಲುಗಳು ಭಾರವಾಗುತ್ತವೆ, ಹೆಜ್ಜೆ ಕಿರಿದಾಗುತ್ತದೆ, ಓಟ ನಡಿಗೆಯಾಗುತ್ತದೆ.

ಇಂಧನದ ಜೊತೆಗೆ ಬೇರೆ ಕಾರಣಗಳೂ ಇವೆ. ದೀರ್ಘಕಾಲದ ಶ್ರಮದಲ್ಲಿ ಬೆವರಿನಿಂದ ನೀರು ಕಡಿಮೆಯಾಗಿ, ದೇಹದ ಉಷ್ಣತೆ ಏರಿ, ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯಬೇಕಾಗುತ್ತದೆ. ತೀವ್ರ ಶ್ರಮದಲ್ಲಿ ರಕ್ತವು ಸ್ನಾಯುಗಳತ್ತ ಹರಿದು ಜಠರಕ್ಕೆ ಕಡಿಮೆಯಾಗುವುದರಿಂದ ತಿಂದದ್ದು ಜೀರ್ಣವಾಗದೆ ಉಳಿಯುತ್ತದೆ. ತೊಡೆಯ ಸ್ನಾಯುಗಳಿಗೂ ದಣಿವಾಗಿರುತ್ತದೆ.

ಸೈಕ್ಲಿಂಗ್ ಕ್ಷಮತೆಯ ಮಹತ್ವ

ಒಬ್ಬ ಸವಾರ ಸುಮಾರು ಒಂದು ಗಂಟೆಯ ಕಾಲ ಸತತವಾಗಿ ಕಾಯ್ದುಕೊಳ್ಳಬಲ್ಲ ಗರಿಷ್ಠ ಸಾಮರ್ಥ್ಯವನ್ನು ಮಿತಿ ಸಾಮರ್ಥ್ಯ ಎನ್ನಬಹುದು. ಇದನ್ನು ವ್ಯಾಟ್‌ಗಳಲ್ಲಿ ಅಳೆಯಲಾಗುತ್ತದೆ. ಓಟದಲ್ಲಿ ಸಮಾನ ಬಲವುಳ್ಳ ಇಬ್ಬರು ಸ್ಪರ್ಧಿಗಳನ್ನು ಊಹಿಸೋಣ. ಒಬ್ಬರ ಮಿತಿ 200 ವ್ಯಾಟ್, ಇನ್ನೊಬ್ಬರದು 240 ವ್ಯಾಟ್. ಇಬ್ಬರೂ 160 ವ್ಯಾಟ್‌ನಲ್ಲಿ ಜೊತೆಜೊತೆಯಾಗಿ ಸಾಗಿದರೆ ಮೊದಲನೆಯವರು ತಮ್ಮ ಮಿತಿಯ ಶೇ. 80ರಷ್ಟನ್ನೂ ಎರಡನೆಯವರು ಸುಮಾರು ಶೇ. 67ರಷ್ಟನ್ನೂ ಬಳಸುತ್ತಿರುತ್ತಾರೆ. ಇಬ್ಬರೂ ಒಂದೇ ಕ್ಷಣದಲ್ಲಿ ಸೈಕಲ್ಲಿನಿಂದ ಇಳಿದರೂ ಒಂದೇ ಸ್ಥಿತಿಯಲ್ಲಿ ಇಳಿಯುವುದಿಲ್ಲ. ಮುಂದಿನ ಮ್ಯಾರಥಾನ್‌ನಲ್ಲಿ ಎರಡನೆಯವರೇ ಮುಂದೆ ಹೋಗುವ ಸಂಭವ ಹೆಚ್ಚು.

ಓಟ ಕುಸಿದಾಗ ಓಟದ ಅಭ್ಯಾಸ ಸಾಲದೆಂದು ಭಾವಿಸಿ ಅದನ್ನೇ ಹೆಚ್ಚಿಸುವುದು ಸಾಮಾನ್ಯ. ಅನೇಕ ಸಂದರ್ಭಗಳಲ್ಲಿ ನಿಜವಾದ ಕೊರತೆ ಸೈಕ್ಲಿಂಗ್‌ನದಾಗಿರುತ್ತದೆ. ಸೈಕ್ಲಿಂಗ್ ಕ್ಷಮತೆ ಬೆಳೆದಾಗ ದೊರೆಯುವ ಲಾಭವನ್ನು ಪೂರ್ತಿಯಾಗಿ ವೇಗಕ್ಕೆ ಬಳಸದೆ, ಅದರ ಒಂದು ಪಾಲನ್ನು ಓಟಕ್ಕಾಗಿ ಉಳಿಸಿಕೊಳ್ಳಬಹುದು. ಸೈಕ್ಲಿಂಗ್‌ನಲ್ಲಿ ಪಾದ ನೆಲಕ್ಕೆ ಅಪ್ಪಳಿಸುವುದಿಲ್ಲವಾದ್ದರಿಂದ ಮೊಣಕಾಲು, ಮೀನಖಂಡಗಳಿಗೆ ಓಟದಷ್ಟು ಆಘಾತವಾಗದೆ ದಮ್ಮು ಬೆಳೆಯುವುದೂ ಒಂದು ಅನುಕೂಲ. ಆದರೆ ಅದು ಓಟದ ಅಭ್ಯಾಸಕ್ಕೆ ಪೂರ್ಣ ಪರ್ಯಾಯವಲ್ಲ. ಪಾದಗಳ ಆಘಾತವನ್ನು ತಾಳುವ ಶಕ್ತಿ ಓಟದಿಂದಲೇ ಬರಬೇಕು.

ಸೈಕಲ್ಲಿನ ಮೇಲೆ ಶ್ರಮದ ಹಂಚಿಕೆ

ಪೂರ್ಣ ದೂರದ ಸ್ಪರ್ಧೆಯಲ್ಲಿ ಮಿತಿ ಸಾಮರ್ಥ್ಯದ ಸುಮಾರು ಶೇ. 65ರಿಂದ 75, ಅರ್ಧ ದೂರದಲ್ಲಿ ಶೇ. 75ರಿಂದ 85 ಎಂಬುದು ತರಬೇತುದಾರರು ಸಾಮಾನ್ಯವಾಗಿ ಸೂಚಿಸುವ ಅಳತೆ. ಹೊಸಬರು ಇದರ ಕೆಳಗಿನ ಅಂಚಿನಲ್ಲಿರುವುದು ಕ್ಷೇಮ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ವೇಗಕ್ಕೂ ಶ್ರಮಕ್ಕೂ ಇರುವ ಸಂಬಂಧ ಸರಳ ಅನುಪಾತದ್ದಲ್ಲ. ಸಮತಟ್ಟಾದ ರಸ್ತೆಯಲ್ಲಿ ಗಾಳಿಯ ತಡೆಯನ್ನು ಮೀರಲು ಬೇಕಾಗುವ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 180 ಕಿ.ಮೀ. ದೂರವನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಕ್ರಮಿಸಲು ಆರು ಗಂಟೆ ಬೇಕು. ಇದರಲ್ಲಿ ಹತ್ತು ನಿಮಿಷ ಉಳಿಸಬೇಕಾದರೆ ವೇಗ ಶೇ. 3ಕ್ಕಿಂತ ತುಸು ಕಡಿಮೆ ಹೆಚ್ಚಿದರೆ ಸಾಕು. ಆದರೆ ಗಾಳಿಯ ವಿರುದ್ಧದ ಸಾಮರ್ಥ್ಯ ಸುಮಾರು ಶೇ. 9ರಷ್ಟು ಹೆಚ್ಚಬೇಕಾಗುತ್ತದೆ. ಈ ಹೆಚ್ಚುವರಿ ಶ್ರಮದ ಫಲವಾಗಿ, ಕಿಲೋಮೀಟರಿಗೆ 6 ನಿಮಿಷದಂತೆ ಓಡಬಲ್ಲವರು ಮ್ಯಾರಥಾನ್‌ನ ಉತ್ತರಾರ್ಧದಲ್ಲಿ ಏಳೂವರೆ ನಿಮಿಷಕ್ಕೆ ಇಳಿದರೆಂದು ಭಾವಿಸೋಣ. ಆಗ ಅವರು ಅರ್ಧ ಗಂಟೆಗೂ ಹೆಚ್ಚು ಸಮಯ ಕಳೆದುಕೊಳ್ಳುತ್ತಾರೆ. ಹತ್ತು ನಿಮಿಷ ಗಳಿಸಿ ಮೂವತ್ತು ನಿಮಿಷ ತೆತ್ತಂತಾಗುತ್ತದೆ.

ಶ್ರಮ ಸಮನಾಗಿರಬೇಕೆಂಬುದು ಎರಡನೆಯ ತತ್ತ್ವ. ಏರಿನಲ್ಲಿ ಎದ್ದುನಿಂತು ತುಳಿಯುವುದು, ಹಿಂದಿಕ್ಕಿದವರನ್ನು ಬೆನ್ನಟ್ಟುವುದು ಮುಂತಾದ ಕ್ಷಣಿಕ ಆವೇಶಗಳು ಸರಾಸರಿಯಲ್ಲಿ ಕಾಣಿಸದಿದ್ದರೂ ಗ್ಲೈಕೋಜನ್ ಅನ್ನು ಬರಿದು ಮಾಡುತ್ತವೆ. ಏರಿನಲ್ಲಿ ಹಗುರವಾದ ಗೇರಿಗೆ ಬದಲಿಸಿ ಸಾಮರ್ಥ್ಯ ಅತಿಯಾಗಿ ಏರದಂತೆ ನೋಡಿಕೊಳ್ಳಬೇಕು. ಎದುರುಗಾಳಿಯಲ್ಲಿ ಹಳೆಯ ವೇಗವನ್ನೇ ಹಿಡಿದಿಡಲು ಹೋಗಬಾರದು. ಗಡಿಯಾರದ ವೇಗಕ್ಕಿಂತ ದೇಹದ ಶ್ರಮವೇ ಇಲ್ಲಿ ಅಳತೆಗೋಲು.

ಸಾಮರ್ಥ್ಯವನ್ನು ಅಳೆಯುವ ಪವರ್ ಮೀಟರ್ ದುಬಾರಿ ಉಪಕರಣ. ಅದಿಲ್ಲದವರು ಹೃದಯ ಬಡಿತದ ಪಟ್ಟಿಯನ್ನು ಬಳಸಬಹುದು. ಅದೂ ಇಲ್ಲದಿದ್ದರೆ ಮಾತಿನ ಪರೀಕ್ಷೆ ಸಾಕು: ಸವಾರಿ ಮಾಡುತ್ತಲೇ ಪೂರ್ಣ ವಾಕ್ಯಗಳನ್ನು ಆಡಲು ಸಾಧ್ಯವಾದರೆ ಶ್ರಮ ಹಿತಮಿತವಾಗಿದೆ, ಎರಡು ಮೂರು ಪದಗಳಿಗೇ ಉಸಿರು ಕಟ್ಟಿದರೆ ಅತಿಯಾಗಿದೆ ಎಂದು ತಿಳಿಯಬಹುದು. ಮೊದಲ ಒಂದು ಗಂಟೆ ತೀರ ಸುಲಭವೆನಿಸಬೇಕು. ಕೊನೆಯ ಗಂಟೆಯಲ್ಲಿಯೂ ಮೊದಲ ಗಂಟೆಯ ಸಾಮರ್ಥ್ಯ ಉಳಿದಿದ್ದರೆ ಹಂಚಿಕೆ ಸರಿಯಾಗಿತ್ತೆಂದು ಅರ್ಥ.

ಓಟದಲ್ಲಿ ಶ್ರಮದ ಹಂಚಿಕೆ

ಸೈಕಲ್ಲಿನಿಂದ ಇಳಿದೊಡನೆ ವೇಗದ ಅಂದಾಜು ತಪ್ಪುತ್ತದೆ. ಗಂಟೆಗೆ 30 ಕಿ.ಮೀ. ವೇಗಕ್ಕೆ ಒಗ್ಗಿದ ಕಣ್ಣಿಗೆ ಓಟ ನಿಧಾನವೆನಿಸಿ ಸ್ಪರ್ಧಿ ಅರಿವಿಲ್ಲದೆ ಧಾವಿಸುವುದುಂಟು. ಆದ್ದರಿಂದ ಮೊದಲ ಎರಡು ಮೂರು ಕಿಲೋಮೀಟರುಗಳನ್ನು ಗುರಿಯ ವೇಗಕ್ಕಿಂತ ಕಿಲೋಮೀಟರಿಗೆ 10ರಿಂದ 20 ಸೆಕೆಂಡು ನಿಧಾನವಾಗಿ ಓಡುವುದು ಸೂಕ್ತ. ಹೆಜ್ಜೆಗಳು ಕಿರಿದಾಗಿಯೂ ಚುರುಕಾಗಿಯೂ ಇರಬೇಕು. ನೀರು, ಆಹಾರ ಒದಗಿಸುವ ಕೇಂದ್ರಗಳಲ್ಲಿ ಅರ್ಧ ನಿಮಿಷ ನಡೆದು, ಸರಿಯಾಗಿ ಕುಡಿದು, ತಲೆಗೆ ನೀರು ಸುರಿದುಕೊಂಡು ಮತ್ತೆ ಓಡುವ ಕ್ರಮವನ್ನು ಅನೇಕರು ಅನುಸರಿಸುತ್ತಾರೆ. ಯೋಜಿತವಾದ ನಡಿಗೆ ಸೋಲಲ್ಲ, ಕಾಲು ಸೋತ ಮೇಲಿನ ನಡಿಗೆಯನ್ನು ತಪ್ಪಿಸುವ ಉಪಾಯ. ನಿಜವಾದ ಓಟ 30 ಕಿ.ಮೀ. ದಾಟಿದ ನಂತರ ಆರಂಭವಾಗುತ್ತದೆ ಎಂಬ ಮಾತು ಮ್ಯಾರಥಾನ್ ಓಟಗಾರರಲ್ಲಿ ರೂಢಿಯಲ್ಲಿದೆ.

ಆಹಾರ ಮತ್ತು ನೀರು

ಸ್ಪರ್ಧೆಯ ಅವಧಿಯಲ್ಲಿ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೊಹೈಡ್ರೇಟ್ ಸೇವಿಸಬೇಕೆಂಬುದು ಕ್ರೀಡಾ ಪೋಷಣಾಶಾಸ್ತ್ರದ ಸಾಮಾನ್ಯ ಸಲಹೆ. ಗಂಟೆಗೆ 60 ಗ್ರಾಂ ಎಂದರೆ ಆರು ಗಂಟೆಯ ಸವಾರಿಗೆ 360 ಗ್ರಾಂ. ಓಡುವಾಗ ಹೊಟ್ಟೆ ಕುಲುಕುವುದರಿಂದ ತಿನ್ನುವುದು ಕಷ್ಟ. ಹೀಗಾಗಿ ಸೈಕಲ್ಲಿನ ಮೇಲೆಯೇ ಹೆಚ್ಚಿನ ಪಾಲು ಒಳಸೇರಬೇಕು. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಕಾರ್ಬೊಹೈಡ್ರೇಟ್ ಇರುತ್ತದೆ. ಖರ್ಜೂರ, ಉಪ್ಪು ಬೆರೆಸಿದ ಬೆಲ್ಲದ ಪಾನಕ ಕೂಡ ಉಪಯುಕ್ತ.

ಜೋಳದ ರೊಟ್ಟಿ, ಕಾಳುಪಲ್ಯಗಳು ದೈನಂದಿನ ಅಭ್ಯಾಸದ ದಿನಗಳಿಗೆ ಉತ್ತಮ ಆಹಾರ. ಆದರೆ ನಾರಿನಂಶ ಹೆಚ್ಚಿರುವುದರಿಂದ ಸ್ಪರ್ಧೆಯ ಹಿಂದಿನ ರಾತ್ರಿ ಅನ್ನದಂತಹ ಹಗುರ ಆಹಾರ ಮೇಲು. ಶೇಂಗಾ ಹೋಳಿಗೆ, ಶೇಂಗಾ ಚಿಕ್ಕಿಗಳಲ್ಲಿ ಕೊಬ್ಬಿನಂಶ ಹೆಚ್ಚಾದ್ದರಿಂದ ಅವು ತೀವ್ರ ಶ್ರಮದ ನಡುವೆ ಬೇಗ ಜೀರ್ಣವಾಗುವುದಿಲ್ಲ. ಅಭ್ಯಾಸದಲ್ಲಿ ಪರೀಕ್ಷಿಸದ ಯಾವುದನ್ನೂ ಸ್ಪರ್ಧೆಯ ದಿನ ಸೇವಿಸಬಾರದು.

ತರಬೇತಿ

ತರಬೇತಿಯ ಬುನಾದಿ ವಾರಕ್ಕೊಂದು ದೀರ್ಘ ಸವಾರಿ. ಎರಡು ಗಂಟೆಯಿಂದ ಆರಂಭಿಸಿ, ಹಲವು ತಿಂಗಳುಗಳಲ್ಲಿ ನಾಲ್ಕರಿಂದ ಆರು ಗಂಟೆಗಳವರೆಗೆ ಅದನ್ನು ಹೆಚ್ಚಿಸಲಾಗುತ್ತದೆ. ಇದರ ಬಹುಭಾಗ ಸುಲಭ ಶ್ರಮದ್ದಾಗಿರಬೇಕು. ಮಾರ್ಕ್ ಅಲೆನ್ ಅವರಿಗೆ ಮಾರ್ಗದರ್ಶನ ಮಾಡಿದ ಫಿಲ್ ಮ್ಯಾಫೆಟೋನ್ ಅವರ ಸೂತ್ರದಂತೆ 180ರಲ್ಲಿ ವಯಸ್ಸನ್ನು ಕಳೆದರೆ ಬರುವ ಸಂಖ್ಯೆ ಸುಲಭ ಅಭ್ಯಾಸದ ಹೃದಯ ಬಡಿತದ ಮೇಲ್ಮಿತಿ. ಉದಾಹರಣೆಗೆ, 30 ವರ್ಷದವರಿಗೆ ನಿಮಿಷಕ್ಕೆ 150. ಇದು ಸ್ಥೂಲ ಅಳತೆ ಮಾತ್ರ. ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸವಿರುತ್ತದೆ.

ಮಿತಿ ಸಾಮರ್ಥ್ಯವನ್ನು ಬೆಳೆಸಲು ವಾರಕ್ಕೊಮ್ಮೆ, 10ರಿಂದ 20 ನಿಮಿಷಗಳ ಕಠಿಣ ಸವಾರಿಯನ್ನು ನಡುವೆ ವಿರಾಮ ಕೊಟ್ಟು ಎರಡು ಮೂರು ಬಾರಿ ಪುನರಾವರ್ತಿಸಲಾಗುತ್ತದೆ. ಸವಾರಿ ಮುಗಿದ ಕೂಡಲೇ ಓಡುವ ಅಭ್ಯಾಸಕ್ಕೆ 'ಬ್ರಿಕ್' ಎಂಬ ಹೆಸರಿದೆ. ದೀರ್ಘ ಸವಾರಿಯ ನಂತರದ 20ರಿಂದ 40 ನಿಮಿಷದ ಓಟವೂ ಕಾಲುಗಳಿಗೆ ಬದಲಾವಣೆಯನ್ನು ಕಲಿಸುತ್ತದೆ. ಅಷ್ಟೇ ಅಲ್ಲದೆ, ಆಯ್ದುಕೊಂಡ ಸವಾರಿ ವೇಗ ಸರಿಯೇ ಎಂಬುದನ್ನೂ ತಿಳಿಸುತ್ತದೆ. ಇಳಿದ ಮೇಲೆ ಚೆನ್ನಾಗಿ ಓಡಲಾಗದಿದ್ದರೆ ಸವಾರಿಯ ವೇಗವೇ ಅತಿಯಾಗಿತ್ತೆಂದು ಭಾವಿಸಬೇಕು.

ಕರ್ನಾಟಕದಲ್ಲಿ

ಬೆಂಗಳೂರಿನ ಅನು ವೈದ್ಯನಾಥನ್ ಭಾರತದ ದೀರ್ಘದೂರ ಟ್ರಯಥ್ಲಾನ್‌ನಲ್ಲಿ ಮೊದಲಿಗರ ಸಾಲಿನವರು. 2009ರಲ್ಲಿ ಅವರು ಕೆನಡಾದಲ್ಲಿ ಮೂರು ದಿನ ನಡೆಯುವ 'ಅಲ್ಟ್ರಾಮ್ಯಾನ್' ಸ್ಪರ್ಧೆಯನ್ನು ಪೂರೈಸಿದರು. ನೈರುತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರ್ 2022ರ ಜೂನ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನಡೆದ ಪೂರ್ಣ ಐರನ್‌ಮ್ಯಾನ್ ಅನ್ನು 13 ಗಂಟೆ 26 ನಿಮಿಷಗಳಲ್ಲಿ ಮುಗಿಸಿದರು. ಐರನ್‌ಮ್ಯಾನ್ 70.3 ಸ್ಪರ್ಧೆ ನೆರೆಯ ಗೋವಾದಲ್ಲಿ 2019ರಲ್ಲಿ ಆರಂಭವಾದ ಬಳಿಕ ಕರ್ನಾಟಕದ ಹವ್ಯಾಸಿಗಳಿಗೆ ಈ ಕ್ರೀಡೆ ಹತ್ತಿರವಾಯಿತು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು 8 ಗಂಟೆ 27 ನಿಮಿಷ 32 ಸೆಕೆಂಡುಗಳಲ್ಲಿ ಪೂರೈಸಿದರು.

ಸೈಕ್ಲಿಂಗ್‌ನಲ್ಲಿ ಮಾತ್ರ ರಾಜ್ಯದ ಕೀರ್ತಿ ಬಹುಕಾಲದಿಂದ ಉತ್ತರ ಕರ್ನಾಟಕದ್ದು. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳ ಗ್ರಾಮೀಣ ಯುವಕ ಯುವತಿಯರು ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಹೆಸರು ಮಾಡಿದ್ದಾರೆ. ಓಟಕ್ಕೆ ಆಧಾರವಾಗುವ ಸೈಕ್ಲಿಂಗ್ ಕ್ಷಮತೆಯನ್ನು ಗಳಿಸಲು ದೊಡ್ಡ ನಗರವೇ ಬೇಕೆಂದಿಲ್ಲ ಎಂಬುದಕ್ಕೆ ಇವರ ಸಾಧನೆ ಸಾಕ್ಷಿ.

ಆಳಂದ, ಅಫಜಲಪುರ ಮತ್ತು ಜೇವರ್ಗಿ ಪರಿಸರದಲ್ಲಿ ಅಭ್ಯಾಸ

ವಿಜಯಪುರ ಜಿಲ್ಲೆಗೆ ಹೊಂದಿಕೊಂಡಿರುವ ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಹಾಗೂ ಅವುಗಳ ನೆರೆಯ ಆಳಂದ ಕಲಬುರಗಿ ಜಿಲ್ಲೆಗೆ ಸೇರಿವೆ. ಇಲ್ಲಿನ ಭೂಮಿ ತೊಗರಿ, ಜೋಳ ಬೆಳೆಯುವ ಕಪ್ಪು ಮಣ್ಣಿನ ಬಯಲು. ದೊಡ್ಡ ಘಟ್ಟಗಳಿಲ್ಲದೆ ಸಣ್ಣ ಏರಿಳಿತಗಳಿಂದ ಕೂಡಿರುವುದರಿಂದ ಸಮನಾದ ಶ್ರಮದಲ್ಲಿ ಗಂಟೆಗಟ್ಟಲೆ ತುಳಿಯುವ ಅಭ್ಯಾಸಕ್ಕೆ ಈ ನೆಲ ಅನುಕೂಲಕರ. ಕಲಬುರಗಿಯಿಂದ ಆಳಂದಕ್ಕೆ ಸುಮಾರು 40 ಕಿ.ಮೀ., ದಾರಿಯಲ್ಲಿ ಕಡಗಂಚಿಯ ಬಳಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಹೋಗಿಬರುವ ದೂರ ಅರ್ಧ ಐರನ್‌ಮ್ಯಾನ್‌ನ ಸವಾರಿಗೆ ಸಮೀಪ. ಕಲಬುರಗಿಯಿಂದ ಭೀಮಾ ನದಿಯನ್ನು ದಾಟಿ ಜೇವರ್ಗಿ, ಸಿಂದಗಿಗಳ ಮೂಲಕ ವಿಜಯಪುರಕ್ಕೆ ಸುಮಾರು 160 ಕಿ.ಮೀ. ಇದು ಪೂರ್ಣ ದೂರದ ಸವಾರಿಗೆ ಹತ್ತಿರದ್ದು.

ಇಲ್ಲಿ ಘಟ್ಟದ ಸ್ಥಾನವನ್ನು ಗಾಳಿ ತುಂಬುತ್ತದೆ. ಮಳೆಗಾಲದಲ್ಲಿ ಪಶ್ಚಿಮ ಮತ್ತು ನೈರುತ್ಯದಿಂದ ಬೀಸುವ ಗಾಳಿಯಿಂದಾಗಿ ಕಲಬುರಗಿಯ ಪಶ್ಚಿಮಕ್ಕಿರುವ ಅಫಜಲಪುರದತ್ತ ಹೋಗುವವರಿಗೆ ಎದುರುಗಾಳಿ, ಮರಳುವವರಿಗೆ ಅದೇ ಗಾಳಿಯ ಬೆಂಬಲ ದೊರೆಯುತ್ತದೆ. 60 ಕಿ.ಮೀ. ದೂರವನ್ನು ಹೋಗುವಾಗ ಗಂಟೆಗೆ 20, ಬರುವಾಗ 30 ಕಿ.ಮೀ. ವೇಗದಲ್ಲಿ ಕ್ರಮಿಸಿದರೆ ಒಟ್ಟು ಐದು ಗಂಟೆ ಬೇಕು. ಸರಾಸರಿ ವೇಗ 25 ಆಗದೆ 24 ಆಗುತ್ತದೆ. ಈ ನಷ್ಟವನ್ನು ಎದುರುಗಾಳಿಯಲ್ಲಿಯೇ ತುಂಬಿಕೊಳ್ಳಲು ಹೆಣಗುವವರು ಓಟಕ್ಕೆ ಉಳಿಯುವುದಿಲ್ಲ. ಈ ಪಾಠವನ್ನು ಕಲಿಯಲು ಅಫಜಲಪುರದ ದಾರಿಯಂತಹ ತೆರೆದ ಬಯಲು ತಕ್ಕ ಶಾಲೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ದಿನಗಳಲ್ಲಿ ಅಭ್ಯಾಸವನ್ನು ಬೆಳಗಿನ ಜಾವದಲ್ಲಿಯೇ ಮುಗಿಸಬೇಕು. ಆಳಂದ, ಅಫಜಲಪುರ ಭಾಗದಲ್ಲಿ ಕಬ್ಬು ಕಟಾವಿನ ಕಾಲದಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳು ರಸ್ತೆಯಲ್ಲಿ ಹೆಚ್ಚಾಗಿರುತ್ತವೆ. ಅವುಗಳ ಹಿಂದೆ ದೀಪವಿಲ್ಲದಿರುವ ಸಾಧ್ಯತೆಯನ್ನು ಗಮನದಲ್ಲಿಟ್ಟು, ಕತ್ತಲಲ್ಲಿ ಸವಾರಿ ಮಾಡುವವರು ಶಿರಸ್ತ್ರಾಣ, ಮುಂದೀಪ ಹಾಗೂ ಹಿಂದಿನ ಕೆಂಪು ದೀಪವನ್ನು ತಪ್ಪದೆ ಬಳಸಬೇಕು.

ಆರೋಗ್ಯದ ಎಚ್ಚರಿಕೆಗಳು

ದೇಹ ಬಿಸಿಲಿಗೆ ಒಗ್ಗಲು 10ರಿಂದ 14 ದಿನಗಳು ಬೇಕು. ಶ್ರಮದ ನಡುವೆ ಮಾತು ತೊದಲುವುದು, ಗೊಂದಲ, ನಡಿಗೆ ತಪ್ಪುವುದು ಕಂಡುಬಂದರೆ ಅದು ಉಷ್ಣಾಘಾತದ ಲಕ್ಷಣವಿರಬಹುದು. ಅಂಥವರನ್ನು ಕೂಡಲೇ ನೆರಳಿಗೆ ತಂದು, ತಣ್ಣೀರಿನಿಂದ ಮೈ ತಂಪು ಮಾಡುತ್ತ ಆಸ್ಪತ್ರೆಗೆ ಸಾಗಿಸಬೇಕು. ಬಾಯಾರಿಕೆಯ ಮಿತಿ ಮೀರಿ ಬರಿಯ ನೀರನ್ನೇ ಕುಡಿಯುವುದೂ ಅಪಾಯಕಾರಿ. ಅದರಿಂದ ರಕ್ತದಲ್ಲಿನ ಸೋಡಿಯಂ ಕುಸಿದು ತಲೆನೋವು, ವಾಂತಿ, ಪ್ರಜ್ಞಾಹೀನತೆ ಉಂಟಾಗಬಹುದು. ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು ಮತ್ತು ಮಧ್ಯವಯಸ್ಸಿನಲ್ಲಿ ಹೊಸದಾಗಿ ಆರಂಭಿಸುವವರು ವೈದ್ಯರ ಸಲಹೆ ಪಡೆದ ನಂತರವೇ ಈ ಅಭ್ಯಾಸಕ್ಕೆ ತೊಡಗಬೇಕು.